ಗಾಡಿ ಬದಲಿಸಲು ಏಳು ನಿಮಿಷ

ಮೂವತ್ತೊಂದು ವರ್ಷ ಮಾಲಗಾಡಿಯ ಕಟ್ಟಕಡೆಯ ಡಬ್ಬಿಯಲ್ಲಿ ನಿಂತ ನಾನು
ಯಾವ ಊರನ್ನೂ ಬರುವಾಗ ನೋಡಿದವನಲ್ಲ.
ನಾಲವಾರ, ಚಿತ್ತಾಪುರ, ಸೇಡಂ, ದುಧನಿ
ಎಲ್ಲ ಬೆನ್ನ ಹಿಂದೆಲ್ಲೋ ಹುಟ್ಟಿ
ಕಣ್ಣೆದುರು ಸಣ್ಣಗಾಗುತ್ತ ಹೋದವು.
ಹಾಗಾಗಿ ನನ್ನದು ಒಂದೇ ಶರತ್ತು:
ಬರ್ಲಿನ್ ಇರಲಿ, ವಿಯೆನ್ನಾ ಇರಲಿ,
ಎಂಜಿನ್ನಿನ ಕಡೆ ಮುಖವಿರುವ ಕಿಟಕಿ ನನಗೆ.

"ಸೀಟಿಗಿ ಬ್ಯಾರೆ ರೊಕ್ಕ ಅಪ್ಪಾ, ಪಾಸ್ ಇದ್ರೂನು,"
ಅಂತಾಳೆ ಸುಗಂಧಾ, ಫೋನಿನಿಂದ ತಲೆ ಎತ್ತದೆ.
ಪಾಸು ನನಗೆ ಗೊತ್ತು:
ಸಾಹೇಬರ ಸಹಿ, ಹೆಂಡತಿ ಮಕ್ಕಳ ಹೆಸರು, ವಯಸ್ಸು.
ಇದು ಬೇರೆ ಪಾಸು. ತಿಂಗಳಲ್ಲಿ ಏಳು ದಿನ,
ಯಾವ ಗಾಡಿಯಾದರೂ ಹತ್ತು, ಎಲ್ಲಾದರೂ ಇಳಿ.
ಇಷ್ಟು ಸಡಿಲಾದ ನಿಯಮ ಕಂಡರೆ
ನನ್ನಂಥವನಿಗೆ ನಿದ್ದೆ ಬರುವುದಿಲ್ಲ.

ಅಡುಗೆಮನೆಯ ಶಹಾಬಾದ ಫರಸಿಯ ಮೇಲೆ
ಓಂಕಾರನ ಚಾಕು ಪೀಸಿನ ನಕಾಶೆ.
ಹಿಟ್ಟಿನ ಡಬ್ಬಿಯ ಹತ್ತಿರ ಪ್ಯಾರಿಸ್,
ಸಿಲಿಂಡರಿನ ಬುಡದಲ್ಲಿ ಆಲ್ಪ್ಸ್.
ಮಹಾನಂದಾ ನೆಲ ಒರೆಸುವಾಗ
ಜರ್ಮನಿಯನ್ನು ಬಿಟ್ಟು ಒರೆಸುತ್ತಾಳೆ.
ನಿನ್ನೆ ಬೇಳೆ ಉಕ್ಕಿ ಇಟಲಿ ಹೋಯಿತು.
"ಹೋಗ್ಲಿ ಬಿಡ್ರಿ, ಇಟಲಿಗಿ ರೊಕ್ಕ ಸಾಲತಿದ್ದಿಲ್ಲ,"
ಎಂದು ಹಳೆಯ ಲಗ್ನಪತ್ರಿಕೆಯ ಬೆನ್ನಿಗೆ
ಒಂದು ಗೀಟು ಎಳೆದಳು.
ಅದೇ ಹಾಳೆಯಲ್ಲಿ ಕೆಳಗೆ:
ಖಡಕ್ ರೊಟ್ಟಿ ಅರವತ್ತು, ಶೇಂಗಾ ಹಿಂಡಿ ಒಂದು ಕಿಲೋ, ಅವ್ವನ ಸ್ವೆಟರ್.

ಗಡಿ ದಾಟುವಾಗ ಯಾರೂ ಎಬ್ಬಿಸುವುದಿಲ್ಲವಂತೆ,
ಮಲಗಿದ್ದವರು ಮಲಗಿದ್ದಂತೆಯೇ
ಇನ್ನೊಂದು ದೇಶದಲ್ಲಿ ಏಳುತ್ತಾರಂತೆ.
ಅವ್ವ ನಿಂಬೆವ್ವ ಎಲೆಗೆ ಸುಣ್ಣ ಸವರುತ್ತ ಅಂದಳು,
"ಅದರಾಗೇನದ? ತಾಂಡೂರ ಬಂದ್ರ ಚಹಾ ತೆಲುಗಾಗತದ,
ದುಧನಿಗಿ ಮರಾಠಿ.
ನಮ್ಮನ್ನ ಯಾರರ ಎಬ್ಸ್ಯಾರೇನು?"

ತೊಡಕು ಬಂದದ್ದು ಬಾಸೆಲಿನಲ್ಲಿ.
ಒಂದು ಗಾಡಿ ಇಳಿದು ಇನ್ನೊಂದು ಹತ್ತಲು
ಏಳು ನಿಮಿಷ.
ಅಲ್ಲಿಯ ಗಾಡಿ ಯಾರನ್ನೂ ಕಾಯುವುದಿಲ್ಲ,
ಅವ್ವನ ಮೊಣಕಾಲು ಎಲ್ಲರನ್ನೂ ಕಾಯಿಸುತ್ತದೆ.

ಅದಕ್ಕೇ ಭಾನುವಾರ ವಾಡಿ ಜಂಕ್ಷನ್ನಿಗೆ ಹೋದೆವು.
ಪ್ಲಾಟ್‌ಫಾರ್ಮ್ ಟಿಕೆಟ್ಟು, ನನ್ನ ಡ್ಯೂಟಿ ಗಡಿಯಾರ,
ತೂಕಕ್ಕೆಂದು ಜೋಳ ತುಂಬಿದ ಎರಡು ಸೂಟ್‌ಕೇಸು.
ಒಂದನೇ ನಂಬರಿನಲ್ಲಿ ಇಳಿದೆವು ಅಂದುಕೊಂಡೆವು,
ನಾಲ್ಕರಲ್ಲಿ ಜೂರಿಕ್ ಗಾಡಿ ನಿಂತಿದೆ ಅಂದುಕೊಂಡೆವು.

ಮೊದಲ ಸಲ ಹದಿನಾಲ್ಕು.
ಮೇಲ್ಸೇತುವೆಯ ನಡುವೆ ಬೀಬಿಜಾನ್ ಎದುರಾದಳು,
ಅವಳ ಮಗಳ ಬಾಣಂತನ ಕೇಳದೆ
ಅವ್ವ ಹೇಗೆ ದಾಟಿಯಾಳು?
ಎರಡನೆಯ ಸಲ ಹನ್ನೊಂದು.
ಗಾಲಿ ಕಿತ್ತು, ಬಾಯಿ ಬಿಚ್ಚಿ, ಜೋಳವೆಲ್ಲ
ಮೆಟ್ಟಿಲು ಮೆಟ್ಟಿಲಾಗಿ ನಮಗಿಂತ ಮೊದಲೇ ಕೆಳಗಿಳಿಯಿತು.
ವಡಾ ಮಾರುವವನು ಬಗ್ಗಿ ಕೂಡಿಸಿ ಕೊಟ್ಟ.
"ಎಲ್ಲಿಗಿ ಹೊಂಟೀರಿ, ಗಾರ್ಡ್ ಸಾಹೇಬ್ರ?"
"ಜೂರಿಕ್ಕಿಗಿ."
"ಸೊಲ್ಲಾಪುರದ ಆಚಿಗೇನ್ರಿ?"
"ಜರಾ ಆಚಿಗಿ."

ಮೂರನೆಯದಕ್ಕೆ ಉಸಿರು ಸುಧಾರಿಸಿಕೊಳ್ಳುತ್ತಿದ್ದೆವು,
ಸಿಮೆಂಟಿನ ಮಾಲಗಾಡಿ ಬಂತು, ನಿಲ್ಲಲಿಲ್ಲ.
ಐವತ್ತೆಂಟು ಡಬ್ಬಿ. ಎಣಿಸುವುದು ಚಟ.
ಕೊನೆಯದರಲ್ಲಿ ಖಾಜಾ ಹುಸೇನ್,
ಕೈಯಲ್ಲಿ ಹಸಿರು ಬಾವುಟ.
ನಮ್ಮನ್ನು ನೋಡಿದ: ಜೋಳದ ನಡುವೆ ನಾನು,
ಸೂಟ್‌ಕೇಸಿನ ಮೇಲೆ ಕೂತ ಅವ್ವ,
ಮಕ್ಕಳು, ಹಗ್ಗದಿಂದ ಗಾಲಿ ಬಿಗಿಯುತ್ತಿದ್ದ ಮಹಾನಂದಾ.
ಬಾವುಟ ಬಿಟ್ಟು ಬರಿಗೈ ಬೀಸಿದ.
ಬೀಸುತ್ತ ಬೀಸುತ್ತ ಬೆರಳಿನಷ್ಟಾದ,
ಆಮೇಲೆ ಉಗುರಿನಷ್ಟು,
ಆಮೇಲೆ ಸಿಗ್ನಲ್ಲಿನ ಆಚೆ ಬರೀ ಧೂಳು.

ನಾನೂ ಇಷ್ಟೇ ಇದ್ದೆನೇನೋ, ಇಷ್ಟು ವರ್ಷ,
ಪ್ಲಾಟ್‌ಫಾರ್ಮಿನಲ್ಲಿ ನಿಂತವರಿಗೆ.
ಸಣ್ಣಗಾಗುತ್ತಿರುವುದು ಊರೆಂದು
ನಾನು ತಿಳಿದಿದ್ದೆ.

"ಅಪ್ಪಾ, ಟೈಮ್!" ಓಂಕಾರ ಕೂಗಿದ.
ಗಡಿಯಾರ ಒತ್ತಲು ಮರೆತಿದ್ದೆ.
ಅವ್ವ ಆಗಲೇ ಆರನೆಯ ಮೆಟ್ಟಿಲ ಮೇಲಿದ್ದಳು,
ಸೆರಗು ಸಿಕ್ಕಿಸಿ, ಕಂಬಿ ಹಿಡಿದು,
ಹಿಂದಕ್ಕೆ ತಿರುಗದೆ:
"ಲಗೂ ಬರ್ರಿ. ಆ ಗಾಡಿ ಕಾಯಂಗಿಲ್ಲಂತ."