ಸ್ವಇಚ್ಛೆಯಿಂದ

ಕಂದಾಯ ಭವನದ ಹಿಂದಿನ ಓಣಿಯಲ್ಲಿ
ಝೆರಾಕ್ಸ್ ಅಂಗಡಿಗೂ
ಯಾರೂ ಉಚ್ಚೆ ಹೊಯ್ಯದಿರಲೆಂದು ದೇವರ ಟೈಲ್ಸ್ ಅಂಟಿಸಿದ ಗೋಡೆಗೂ ನಡುವೆ
ನನ್ನ ಮೇಜು. ಇಪ್ಪತ್ತೆರಡು ವರ್ಷ.
ಮೊದಲು ರೆಮಿಂಗ್ಟನ್, ಈಗ ನುಡಿ.
ಆಗ ಒತ್ತಕ್ಷರಕ್ಕೆ ಬೆರಳು ನೋಯುತ್ತಿತ್ತು,
ಈಗ ಕಣ್ಣು.

ಹೆಸರು ಬದಲಾಗುತ್ತದೆ, ಸರ್ವೆ ನಂಬರು ಬದಲಾಗುತ್ತದೆ,
ಚಕ್ಕುಬಂದಿಯ ನಾಲ್ಕು ದಿಕ್ಕೂ ಬದಲಾಗುತ್ತವೆ.
ಬದಲಾಗದ ಸಾಲು ಒಂದೇ:
‘ಯಾರ ಒತ್ತಾಯ, ಬಲವಂತ, ಆಮಿಷಗಳಿಗೂ ಒಳಗಾಗದೆ
ನನ್ನ ಸ್ವಇಚ್ಛೆಯಿಂದ ಬರೆದುಕೊಟ್ಟಿರುತ್ತೇನೆ.’
ಅದನ್ನು ನಾನು ಟೈಪು ಮಾಡುವುದೇ ಇಲ್ಲ.
ಮೊದಲೇ ಕೂತಿರುತ್ತದೆ ಅಲ್ಲಿ,
ಮದುವೆಮನೆಗೆ ಎಲ್ಲರಿಗಿಂತ ಮುಂಚೆ ಬಂದ
ಸೋದರಮಾವನ ಹಾಗೆ.

ಗಂಡಸರು ಸಾಯುವ ತನಕ ಬಿನ್.
ಹೆಂಗಸರು ಕೋಂ, ಗಂಡ ಸತ್ತ ಮೇಲೂ ಕೋಂ.
ನಡುವೆ ಒಂದು ‘ಲೇಟ್’ ಸೇರುತ್ತದೆ, ಅಷ್ಟೆ.

ಸೋಮವಾರ ಬಂದವಳು
ಚಿಕ್ಕತಾಯಮ್ಮ ಕೋಂ ಲೇಟ್ ಮುನಿಶಾಮಪ್ಪ,
ಅರವತ್ತೊಂದು, ಆನೇಕಲ್ ಕಡೆ.
ತಮ್ಮಂದಿರಿಬ್ಬರು ಇನ್ನೋವಾದಲ್ಲಿ ಕರೆತಂದಿದ್ದರು.
ಹೊಸ ಸೀರೆ, ಮಡಿಕೆಯ ಗೆರೆ ಇನ್ನೂ ಹೋಗಿರಲಿಲ್ಲ.
ಪತ್ರದ ಹೆಸರು ಹಕ್ಕು ಬಿಡುಗಡೆ ಪತ್ರ.
ಎಂಥ ಮಾತು ನೋಡಿ.
ಬಿಡುಗಡೆ ಹಕ್ಕಿಗೆ.
ರೆಕ್ಕೆ ಇರುವುದಕ್ಕಲ್ಲ,
ಎರಡು ಎಕರೆ ಹನ್ನೊಂದು ಗುಂಟೆ ಇರುವುದಕ್ಕೆ.

ಓದಿ ಹೇಳುವುದು ನನ್ನ ಪದ್ಧತಿ. ಓದಿದೆ.
ಆ ಸಾಲು ಬಂದಾಗ ಕೈ ಅಡ್ಡ ಹಿಡಿದಳು.
‘ಅದೇನವ್ವ, ಸ್ವಇಚ್ಛೆ?’
ಇಷ್ಟ ಇದ್ದು ಬರೆದುಕೊಟ್ಟಿದ್ದು ಅಂತ.
‘ಯಾರ್ಗೆ ಇಷ್ಟ ಇದ್ದು?’
ನಿಮಗೆ.
‘ನಂಗಾ?’

ನಕ್ಕಳು.
‘ಉಂಡ್ಯಾ ಅಂತ ಕೇಳವ್ರೆ. ಹೆತ್ಯಾ ಅಂತ ಕೇಳವ್ರೆ.
ದನ ಕಟ್ಟಿದ್ಯಾ ಅಂತ ದಿನಾ ಕೇಳವ್ರೆ.
ಇಷ್ಟಾನಾ ಅಂತ ಕೇಳಿದ್ದು ನೀನೇ ಮೊದ್ಲು ತಾಯಿ.
ತಡಿ, ವಸಿ ನೆಪ್ಪು ಮಾಡ್ಕೋತೀನಿ.’

ದೊಡ್ಡವನು ವಾಚು ನೋಡಿದ. ಟೋಕನ್ ನೂರ ಹದಿನಾಲ್ಕು.
ಚಿಕ್ಕವನು, ‘ಅಕ್ಕಾ, ಅರಿಶಿನ ಕುಂಕುಮಕ್ಕೆ ಅಂತ ಐದು ಲಕ್ಷ...’ ಅಂದ.
ಅವಳು ಬೆಂಚಿನ ಮೇಲೆ ಕೂತಿದ್ದಳು,
ನಾಲಗೆ ತುದಿಗೆ ಬಂದು ನಿಂತ ಹೆಸರಿಗಾಗಿ
ಬಾಯಿ ಅರ್ಧ ತೆರೆದುಕೊಂಡು.

ಆಮೇಲೆ,
‘ಸೌತೇಕಾಯಿ,’ ಅಂದಳು.
‘ಉಪ್ಪು ಖಾರ ಸವರಿದ್ದು. ಅದು ಇಷ್ಟ.’
ಎದ್ದು, ಎಲೆಚೀಲದಿಂದ ಸ್ವಂತ ಇಪ್ಪತ್ತು ರೂಪಾಯಿ ತೆಗೆದು
ಗಾಡಿಯವನಿಂದ ಉದ್ದಕ್ಕೆ ಸೀಳಿಸಿಕೊಂಡು
ನಿಂತೇ ತಿಂದಳು,
ಖಾರಕ್ಕೆ ಬಂದ ಕಣ್ಣೀರನ್ನು ಹೊಸ ಸೆರಗಲ್ಲಿ ಒರೆಸಿಕೊಳ್ಳುತ್ತ.
ಇನ್ನೊಂದು ತಿಂದಳು.
ತಮ್ಮಂದಿರಿಗೆ ಕೊಡಲಿಲ್ಲ.

‘ಇನ್ನೂ ಏನೇನೋ ಐತೆ ಕಣವ್ವ. ಒಂದೇ ಸಲಕ್ಕೆ ಬರಾಕಿಲ್ಲ’
ಎಂದು ನನ್ನ ಮೇಜಿನ ಅಂಚಿಗೆ ಬೆರಳೊರೆಸಿ ಹೊರಟಳು.
ಪತ್ರದಲ್ಲಿ ಹೆಬ್ಬೆಟ್ಟಿನ ಜಾಗ ಬಿಳಿ.
ಮೇಜಿನ ಮೇಲೆ ಮಾತ್ರ ಕೆಂಪಗೆ
ಒಂದು ಗುರುತು.

ಮತ್ತೆ ಬಂದಳೋ, ಬೇರೆ ಓಣಿಯಲ್ಲಿ ಬರೆಸಿದರೋ ಕಾಣೆ.
ಈ ಊರಲ್ಲಿ ಟೈಪಿಸ್ಟರಿಗೆ ಬರವಿಲ್ಲ.

ನನ್ನದೂ ಒಂದು ಪತ್ರ ಅಂತಿಟ್ಟುಕೊಳ್ಳಿ.
ಗಿರಿಜಾಂಬ ಕೋಂ ಶಿವರುದ್ರಯ್ಯ.
ಟೈಪಿಂಗಿಗೆ ಸೇರಿಸಿದ್ದು ಅಪ್ಪ,
ನೋಡಲು ಬಂದವರಲ್ಲಿ ಒಪ್ಪಿದ್ದು ಅವರ ತಾಯಿ,
ಈ ಬಾದಾಮಿ ಬಣ್ಣ ಕೂಡ ನಾದಿನಿ ಆರಿಸಿದ್ದು.
ಒತ್ತಾಯವಿರಲಿಲ್ಲ. ಬಲವಂತವಿರಲಿಲ್ಲ.
ಆಮಿಷವಂತೂ, ದೇವರಾಣೆ, ಇರಲೇ ಇಲ್ಲ.
ಆದರೂ.

ಸಂಜೆ ಆ ಸಾಲಿನ ಮೇಲೆ ಕರ್ಸರ್ ಇಟ್ಟು ಸುಮ್ಮನೆ ಕೂತೆ.
ಅಳಿಸಲಿಲ್ಲ, ಕಾನೂನಿಗೆ ಬೇಕು.

ಮೆಜೆಸ್ಟಿಕ್ಕಿನಲ್ಲಿ ಬಸ್ಸು ಹತ್ತಿ ಆಧಾರ್ ತೋರಿಸಿದೆ.
‘ಎಲ್ಲಿಗಮ್ಮ?’ ಅಂದ ಕಂಡಕ್ಟರು,
ಸೊನ್ನೆ ರೂಪಾಯಿಯ ಚೀಟಿ ಹರಿಯುತ್ತ.
ವಿಜಯನಗರ ಅಂತಲೇ ಹೇಳಿದೆ.
ಒಂದು ಉಸಿರು ತಡವಾಗಿ.
ಅವನು ತಲೆಯೆತ್ತಿ ನೋಡಿದ.