ಎರಡು ಮಿಲಿಮೀಟರ್

ಪ್ಯಾರಿಸ್ಸಿನ ಆ ಕೋಣೆಯಲ್ಲಿ ಹದಿನೇಳು ವಕೀಲರು,
ಉದ್ದನೆ ಮೇಜು, ಬಿಳಿ ಬಟ್ಟೆ,
ಬಟ್ಟೆಯ ಮೇಲೆ, ಮೀಯಿಸಿ ಮಲಗಿಸಿದ ಕೂಸಿನ ಹಾಗೆ
ಎಣ್ಣೆ ಒರೆಸಿಟ್ಟ ಗೇರ್‌ಬಾಕ್ಸಿನ ಕವಚ.
"ಸಿನ್ಯೋರಾ ಮಾಲಾಗೋಲಿ, ಇದರ ಗುರುತು ಸಿಕ್ಕಿತೆ?"

ಸಿಗದೆ ಏನು.
ಎಡಮೂಲೆಯ ಒಳಮಡಿಕೆ
ಇರಬೇಕಾದ್ದಕ್ಕಿಂತ ಎರಡು ಮಿಲಿಮೀಟರ್ ಹೆಚ್ಚು ದುಂಡು.
ಲೆಕ್ಕಾಚಾರವಲ್ಲ, ಜಾಣತನವಲ್ಲ,
ತಪ್ಪು.
ಅಮ್ಮ ಆಸ್ಪತ್ರೆಯಲ್ಲಿದ್ದ ಫೆಬ್ರವರಿ,
ಮಂಜಿಗೆ ಪಾನಾರೋ ಹೊಳೆಯೇ ಕಾಣದ ಒಂದು ಬೆಳಿಗ್ಗೆ
ನಿದ್ದೆಗೆಟ್ಟ ಕೈ ನಕ್ಷೆಯ ಮೇಲೆ ಜಾರಿದ್ದು.
ಎರಕ ಹೊಯ್ದ ಮೇಲೆ ಕಣ್ಣಿಗೆ ಬಿತ್ತು.
"ಇರಲಿ ಬಿಡು, ಓಡುತ್ತದಲ್ಲ" ಅಂದವನು
ಪಕ್ಕದ ಮೇಜಿನ ಲೆಯಾರ್ಕೊ.

ಈಗ ಆಲ್ಪ್ಸಿನ ಆಚೆಯವರ ಕಾರಿನ ಹೊಟ್ಟೆಯಿಂದ
ಅದೇ ತಪ್ಪು ಹೊರಬಿದ್ದಿದೆ.
ಸರಿಯಾದದ್ದು ಇಬ್ಬರಿಗೂ ಹೊಳೆಯಬಹುದು, ಎಂದೆ,
ತಪ್ಪು ಮಾತ್ರ ಒಬ್ಬರದೇ.
ಅನುವಾದಕಿ ಅದನ್ನು ಫ್ರೆಂಚಿಗೆ ಹೊರಳಿಸುವಾಗ
ಯಾರೋ ಪೆನ್ನು ಕೆಳಗಿಟ್ಟ ಸದ್ದು.

ಅಲ್ಲಿ ಹೇಳದೆ ಬಂದದ್ದೊಂದಿದೆ:
ಅದನ್ನು ಕಂಡಾಗ ಮೊದಲು ಬಂದದ್ದು ಸಿಟ್ಟಲ್ಲ.
ನಮ್ಮ ಕಾರಿನಲ್ಲಿದ್ದಾಗ ಒಮ್ಮೆಯೂ ಗೆಲ್ಲದ್ದು
ಅವರ ಮನೆಯಲ್ಲಿ ಮೂರು ಸಲ ಗೆದ್ದಿದೆ,
ಗಂಟೆಗೆ ಮುನ್ನೂರು ಕಿಲೋಮೀಟರಿನಲ್ಲಿ
ಬಿರುಕು ಬಿಡದೆ ಬಾಳಿದೆ ನನ್ನ ಕೈಜಾರು.
ಎತ್ತಿಕೊಳ್ಳಬೇಕೆನಿಸಿತು.
ಸಾಕ್ಷ್ಯ, ಮುಟ್ಟಬಾರದು ಅಂದರು.

ಲೆಯಾರ್ಕೊ ಸಿಕ್ಕಿಬಿದ್ದದ್ದು ಅದಕ್ಕೂ ಮೊದಲೇ,
ಯಾವ ಕ್ಯಾಮೆರಾದ ಹಂಗೂ ಇಲ್ಲದೆ.
ಅಕ್ಟೋಬರ್. ಕ್ಯಾಂಟೀನಿನಲ್ಲಿ
ಕುಂಬಳಕಾಯಿ ತುಂಬಿದ ತೊರ್ತೆಲ್ಲಿ, ಮೇಲೆ ಬೆಣ್ಣೆ.
"ಕೆಲವು ನಕ್ಷೆಗಳು ಹೊರಗೆ ಹೋಗಿವೆ"
ಎಂದಷ್ಟೇ ಅಂದರು ನಿರ್ದೇಶಕರು.
ಇಪ್ಪತ್ತಾರು ಜನ ತಂತಮ್ಮ ತಟ್ಟೆ ನೋಡಿಕೊಂಡೆವು.
ಅವನೊಬ್ಬ ಹೆಗಲು ಮುಟ್ಟಿಕೊಂಡ.

ಆಮೇಲಿನದು ಪತ್ರಿಕೆಯಲ್ಲಿ ಬಂದದ್ದೇ.
ದಂಡದ ಮೊತ್ತದಲ್ಲಿ ಎಷ್ಟು ಸೊನ್ನೆ ಎಂದು
ಬಾರಿನಲ್ಲಿ ಬೆರಳು ಮಡಿಸಿ ಎಣಿಸಿದರು.
ಅವರ ಅಂಕಗಳನ್ನು ಒರೆಸಿ ಹಾಕಿ
ನಮ್ಮನ್ನು ಗೆದ್ದವರೆಂದರು.
ಕಪ್ಪು ಕೊರಿಯರಿನಲ್ಲಿ ಬಂತು, ಮಂಗಳವಾರ,
ಲೆಕ್ಕಪತ್ರದ ಹುಡುಗಿ ಸಹಿ ಹಾಕಿ ಇಳಿಸಿಕೊಂಡಳು.
ಯಾರಾದರೂ ಚಪ್ಪಾಳೆ ತಟ್ಟಬಹುದೆಂದು
ಎಲ್ಲರೂ ಕಾದೆವು.

ಪತ್ರಿಕೆಯಲ್ಲಿ ಬಾರದ್ದು:
ರೊಟ್ಟಿ ಅಂಗಡಿಯಲ್ಲಿ ಅವನ ಹೆಂಡತಿ ವಿಲ್ಮಾಳ ಸರದಿ ಬಂದಾಗ
ಒಳಗೆ ನಿಂತಿದ್ದವರಿಗೆಲ್ಲ ಹವಾಮಾನದ ಮಾತು ನೆನಪಾಗುತ್ತಿತ್ತು.
ಅವಳ ತಮ್ಮ, ಬಣ್ಣದ ಶೆಡ್ಡಿನವ, ಏನೂ ಕದ್ದವನಲ್ಲ,
ಅವನ ಗುರುತಿನ ಚೀಟಿಗೂ ಒಂದು ದಿನ ಗೇಟು ತೆರೆಯಲಿಲ್ಲ.
ಕೊಂಡವರ ಕಡೆಯ ದೊಡ್ಡ ಎಂಜಿನಿಯರು
ಈಗ ಶ್ರೀಮಂತರಿಗೆ ದೋಣಿ ಕಟ್ಟುತ್ತಾನಂತೆ.
ದೊಡ್ಡವರು ಬೀಳುವುದು ಮೆತ್ತೆಯ ಮೇಲೆ.

ನನಗೆ ಬಡ್ತಿ. ಜೊತೆಗೊಂದು ಗುಟ್ಟಿನ ಆದೇಶ:
ಇನ್ನು ಮೇಲೆ ಪ್ರತಿ ನಕ್ಷೆಯಲ್ಲೂ
ಬೇಕೆಂದೇ ಒಂದು ಸಣ್ಣ ತಪ್ಪಿಡು,
ಕದ್ದರೆ ಹಿಡಿಯಲು ಬರುವ ಹಾಗೆ.
ಕೂತು ನೋಡಿದೆ, ಬರುವುದಿಲ್ಲ.
ಲೆಕ್ಕ ಹಾಕಿ ಮಾಡಿದ ತಪ್ಪು
ಎಷ್ಟು ತಿದ್ದಿದರೂ ಸರಿಯಾಗಿಯೇ ಇರುತ್ತದೆ.

ಹೋದ ವಾರ ಸ್ಕೂಟರಿನ ಬ್ರೇಕು ಕಿರುಗುಟ್ಟಿ
ಹೆದ್ದಾರಿ ಪಕ್ಕದ ಅವನ ಗ್ಯಾರೇಜಿಗೇ ಹೋದೆ.
ಬೇರೆಡೆಗೂ ಹೋಗಬಹುದಿತ್ತು.
ಕೂದಲು ಪೂರ್ತಿ ಬೆಳ್ಳಗಾಗಿದೆ. ತಲೆಯೆತ್ತಲಿಲ್ಲ.
"ಯಾಕೆ ಮಾಡಿದೆ" ಎಂದು ಕೇಳಲು
ಹನ್ನೊಂದು ವರ್ಷದಿಂದ ಕಟ್ಟಿಟ್ಟ ವಾಕ್ಯ
ಗಂಟಲವರೆಗೆ ಬಂದು, "ಎಷ್ಟಾಯಿತು" ಎಂದಾಯಿತು.
ಹದಿನೆಂಟು ಯೂರೋ, ಎಂದ.
ಇಪ್ಪತ್ತು ಕೊಟ್ಟೆ.
ಕೈ ಒರೆಸಿಕೊಂಡು, ಡಬ್ಬಿ ಕೆದಕಿ, ಚಿಲ್ಲರೆ ಎಣಿಸಿ ಇಟ್ಟ.
ಮನೆಗೆ ಬಂದು ನೋಡಿದರೆ ಹತ್ತು ಸೆಂಟು ಹೆಚ್ಚಿದೆ.