ಇನ್ನೊಂದು ನಕಾರ

ಡೆಬೆ ಎಂಬ ಊರು, ಟ್ರಿನಿಡಾಡಿನ ದಕ್ಷಿಣಕ್ಕೆ.
ಬೆಳಗಿನ ಜಾವ ಮೂರೂವರೆ.
ಫೂಲ್ಮತಿ ಜಗ್ಗೇಸರ್ ಬಕೆಟ್ಟಿನ ಮುಚ್ಚಳ ತೆಗೆದು
ಮೊಣಕೈವರೆಗೆ ಕೈ ಇಳಿಸುತ್ತಾಳೆ.
ರಾತ್ರಿ ಅರ್ಧಕ್ಕಿದ್ದ ಕಾಳು ಈಗ ಕಂಠಮಟ್ಟ.
ಒಂದನ್ನೆತ್ತಿ ಒತ್ತಿ ನೋಡುತ್ತಾಳೆ: ಸಿಪ್ಪೆ ಜಾರಬೇಕು,
ನಿದ್ದೆಗಣ್ಣಿನ ಮಗುವಿನ ಅಂಗಿ ಹೆಗಲಿಂದ ಜಾರುವ ಹಾಗೆ.

ಮೂಟೆ ಕೆನಡಾದ್ದು. ಬಾಣಲೆ ಚೀನಾದ್ದು.
ಮೆಣಸಿನಕಾಯಿ ಹಿತ್ತಲದ್ದು.
ಬಾಯಲ್ಲಿರುವ ಮಾತು, ಈ ದ್ವೀಪ ತನಗೆ ಬೇಕಾದಂತೆ
ಬಗ್ಗಿಸಿಕೊಂಡ ಇಂಗ್ಲಿಷು.
ಹೆಸರು ಮಾತ್ರ ಹಡಗಿನಲ್ಲಿ ಬಂದದ್ದು:
ಚನ್ನ.

ಆಜಿಯ ಆಜಿ ಕಬ್ಬಿನ ಕರಾರಿಗೆ ಹೆಬ್ಬೆಟ್ಟೊತ್ತಿ ಹತ್ತಿದಳಂತೆ,
ಸೆರಗಿನ ತುದಿಯಲ್ಲಿ ಹುರಿದ ಕಾಳಿನ ಗಂಟು.
ಮೂರು ತಿಂಗಳು ಬರೀ ನೀರು.
ಗಂಟು ಮೊದಲ ವಾರದಲ್ಲೇ ಬರಿದಾಯಿತು.
ಆಮೇಲೆ ಗದ್ದೆಯ ಸಾಲುಗಳಲ್ಲಿ ಒಂದೊಂದೇ ಉದುರಿದವು
ಬಾ, ಹೋಗು, ಮಲಗು, ನಾಳೆ.
ಯಾರೂ ಬಗ್ಗಿ ಹೆಕ್ಕಲಿಲ್ಲ.
ಜೀರಿಗೆ ಉಳಿಯಿತು. ಬೇಳೆ ಉಳಿಯಿತು. ಇದು ಉಳಿಯಿತು.

ಕಳೆದ ತಿಂಗಳು ಮಂದಿರದ ಹಿಂದಿನ ಹಾಲಿನಲ್ಲಿ
ಹಿಂದಿ ತರಗತಿ. ಕಾನ್ಪುರದಿಂದ ಬಂದ ಅವಸ್ಥಿ ಮೇಡಂ
ಹಲಗೆಯ ಮೇಲೆ ಎರಡೇ ಅಕ್ಷರ ಬರೆದು
ನಕ್ಕರು, ಒಳ್ಳೆಯ ಮನಸ್ಸಿನಿಂದಲೇ:
"ಚ, ನಾ. ಒಂದೇ ನಕಾರ. ನೀವೆಲ್ಲ ಸುಮ್ಮನೆ ಒತ್ತು ಕೊಡುತ್ತೀರಿ.
ಈ ಬಿಳಿಯದು ಕಾಬೂಲಿ. ಬೇಯಿಸಿದರೆ ನಮ್ಮಲ್ಲಿ ಛೋಲೆ."
ಮೊಮ್ಮಕ್ಕಳ ಜೊತೆ ಕೂತಿದ್ದ ಫೂಲ್ಮತಿ ಬರೆದುಕೊಂಡಳು.
ಮನೆಗೆ ಬಂದು ಒಲೆಯ ಮುಂದೆ ಹೇಳಿ ನೋಡಿದಳು: ಚನಾ.
ಬಾಯಿ ತುಂಬಲಿಲ್ಲ.
ನೆನೆಯದ ಕಾಳು, ಹಲ್ಲಿಗೆ ಠಣ್ಣೆಂದಿತು.

ಇವತ್ತು ಮೇಡಂ ಸಾಲಿನಲ್ಲಿದ್ದಾರೆ,
ಮುಂದೆ ಮ್ಯಾಕ್ಸಿ ಓಡಿಸುವವನು,
ಹಿಂದೆ ರಾತ್ರಿಪಾಳಿ ಮುಗಿಸಿದ ನರ್ಸು.
ಅರಿಶಿನ ಬಣ್ಣದ ಎರಡು ಬಾರಾ,
ಮೇಲೊಂದು ಸೌಟು, ಸೌತೆಕಾಯಿ, ಹುಣಿಸೆ.
"ಖಾರ?"
"ಸ್ವಲ್ಪ."
ಮೇಣದ ಕಾಗದದ ಕಿವಿ ತಿರುಚುತ್ತ ಫೂಲ್ಮತಿ ಅಂದಳು:
"ಒಂದು ರಾತ್ರಿ ನೆನೆದರೆ ಕಾಳು ಎರಡರಷ್ಟಾಗುತ್ತೆ, ಮೇಡಂ.
ಈ ಪದ ಮೂರು ತಿಂಗಳು ನೀರಲ್ಲಿತ್ತು.
ಒಂದು ನಕಾರ ಊದಿಕೊಂಡಿದೆ. ಅಷ್ಟೆ.
ಅದನ್ನ ಮತ್ತೆ ಒಣಗಿಸಲಾರೆ."

ಮೇಡಂ ಏನೂ ಹೇಳಲಿಲ್ಲ, ಬಾಯಿ ತುಂಬಿತ್ತು.
ಗಲ್ಲಕ್ಕಿಳಿದ ಸಾರನ್ನು ಬೆರಳಲ್ಲಿ ತಡೆದು
ಇನ್ನೊಂದು ಎಂದು ಕೈಯೆತ್ತಿದರು.

ನನಗೆ ಈ ಜಗಳದಲ್ಲಿ ಪಾಲಿಲ್ಲ. ನಮ್ಮಲ್ಲಿ ಇದು ಕಡಲೆ,
ಹೆಸರಲ್ಲೇ ಕಡಲಿಟ್ಟುಕೊಂಡೂ ಆ ಹಡಗು ಹತ್ತದ ಪದ.
ಆದರೂ ಅವಳ ಒತ್ತು ನನ್ನ ಕಿವಿಗೆ ಬಿದ್ದಾಗ
ಕಾಳು ಕೇಳಿಸಲಿಲ್ಲ, ಚೆಲುವು ಕೇಳಿಸಿತು.
ಅದನ್ನು ಅವಳಿಗೆ ಹೇಳೋಣವೆಂದರೆ
ಸಾಲು ಪೆಟ್ರೋಲ್ ಬಂಕು ದಾಟಿದೆ,
ಪಾತ್ರೆಯ ತಳ ಕಾಣುತ್ತಿದೆ,
ಇನ್ನೂ ಆರು ಗಂಟೆಯಾಗಿಲ್ಲ.